21ನೇ ದಿನದ ರಕ್ತದಲ್ಲಿ ಪ್ರೊಜೆಸ್ಟೆರಾನ್ 0.9: ಅಂಡಾಣು ಬಿಡುಗಡೆಯಾಗುತ್ತಿಲ್ಲ ಎಂದು ಅರ್ಥವೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ. ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಶಾಲಾ ಶಿಕ್ಷಕಿಯಾಗಿದ್ದೇನೆ. ಮಗು ಬೇಕೆಂದು ನಾವಿಬ್ಬರೂ ನಿರ್ಧರಿಸಿ ಹದಿನಾಲ್ಕು ತಿಂಗಳಾದರೂ ಗರ್ಭ ನಿಂತಿಲ್ಲ. ಮುಟ್ಟು ತಪ್ಪುವುದಿಲ್ಲ, ಆದರೆ ಮೊದಲಿನಿಂದಲೂ 34ರಿಂದ 36 ದಿನಗಳಿಗೊಮ್ಮೆ ಬರುತ್ತದೆ. ಶಿವಮೊಗ್ಗದ ವೈದ್ಯರನ್ನು ಕಾಣುವ ಮೊದಲು ಪರೀಕ್ಷೆಗಳೆಲ್ಲ ಕೈಯಲ್ಲಿದ್ದರೆ ಒಳ್ಳೆಯದೆಂದು ಊರಿನ ಲ್ಯಾಬ್ ಒಂದರಲ್ಲಿ ಹಾರ್ಮೋನುಗಳ ಪ್ಯಾಕೇಜ್ ಮಾಡಿಸಿದೆ. ಫೋನಿನಲ್ಲಿ ವಿಚಾರಿಸಿದಾಗ 21ನೇ ದಿನ ಬಂದರೆ ಎಲ್ಲವನ್ನೂ ಒಂದೇ ಸಲ ಮಾಡಿಬಿಡುತ್ತೇವೆ ಎಂದರು; ಕಳೆದ ತಿಂಗಳು ಹಾಗೆಯೇ ರಕ್ತ ಕೊಟ್ಟು ಬಂದೆ.

ವರದಿಯಲ್ಲಿ ಅಂಡಾಶಯವನ್ನು ನಡೆಸುವ ಹಾರ್ಮೋನುಗಳಾದ ಎಫ್‌ಎಸ್‌ಎಚ್ 9.2, ಎಲ್‌ಎಚ್ 21, ಅಂಡಾಶಯವೇ ಸ್ರವಿಸುವ ಎಸ್ಟ್ರಡಯಾಲ್ 236 ಪಿಕೊಗ್ರಾಂ, ಪ್ರೊಜೆಸ್ಟೆರಾನ್ 0.9 ನ್ಯಾನೊಗ್ರಾಂ, ಎದೆಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್ 41, ಥೈರಾಯ್ಡ್‌ಗೆ ಸಂಬಂಧಿಸಿದ ಟಿಎಸ್‌ಎಚ್ 3.1, ಅಂಡಾಶಯದ ದಾಸ್ತಾನು ಅಂದಾಜಿಸುವ ಎಎಂಎಚ್ 1.4 ಎಂದಿದೆ. ಪ್ರೊಜೆಸ್ಟೆರಾನ್ ಇಷ್ಟು ಕಡಿಮೆ ಇದ್ದರೆ ಅಂಡಾಣು ಬಿಡುಗಡೆಯೇ ಆಗುತ್ತಿಲ್ಲವೆಂದು ಲ್ಯಾಬಿನವರು ಹೇಳಿದರು. ನರ್ಸ್ ಆಗಿರುವ ನಮ್ಮ ಸಂಬಂಧಿಯೊಬ್ಬರು ಎಲ್‌ಎಚ್ ಎಫ್‌ಎಸ್‌ಎಚ್‌ಗಿಂತ ಎರಡು ಪಟ್ಟು ಮೀರಿರುವುದರಿಂದ ಇದು ಪಿಸಿಓಡಿಯೇ (ಹಾರ್ಮೋನು ಏರುಪೇರಿನೊಂದಿಗೆ ಬರುವ ಅಂಡಾಶಯದ ತೊಂದರೆ) ಎಂದರು. ಔಷಧಿ ಅಂಗಡಿಯವರು ಪ್ರೊಲ್ಯಾಕ್ಟಿನ್ ಇಳಿಸುವ ಮಾತ್ರೆ ವಾರಕ್ಕೆರಡು ನುಂಗಿದರೆ ಸಾಕೆಂದು ಚೀಟಿಯಿಲ್ಲದೆಯೇ ಕೊಡಲು ಮುಂದಾದರು; ನಾನು ತೆಗೆದುಕೊಳ್ಳಲಿಲ್ಲ. ಒಂದೇ ಕಾಗದವನ್ನು ಮೂವರು ಮೂರು ರೀತಿ ಓದಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ಮನೆಯಲ್ಲಿ ಅತ್ತೆಯವರು ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲವಾದರೂ ವರದಿ ಬಂದಿದೆಯೆಂಬುದು ಅವರಿಗೆ ತಿಳಿದಿದೆ. ವೈದ್ಯರ ಭೇಟಿಗೆ ಇನ್ನೂ ಮೂರು ವಾರವಿದೆ. ಈ ಅಂಕಿಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಹಳೆಯ ಲ್ಯಾಬಿನವ, ಮೈಸೂರು

ಮೇಡಂ, ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು, ವೈದ್ಯನಲ್ಲ. ನಿಮಗೆ ತೊಂದರೆ ಇದೆಯೇ ಇಲ್ಲವೇ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ರಕ್ತ ಸಿರಿಂಜಿಗೆ ಬರುವ ಮೊದಲೇ ಒಂದು ವರದಿ ಹೇಗೆ ಕೆಡಬಹುದೆಂಬುದನ್ನು ಹೇಳಬಲ್ಲೆ, ಏಕೆಂದರೆ ಅಂಥ ವರದಿಗಳನ್ನು ನಾನೇ ಸಾಕಷ್ಟು ಬರೆದುಕೊಟ್ಟಿದ್ದೇನೆ.

ಮೊದಲನೆಯದಾಗಿ, ಏಳೂ ಪರೀಕ್ಷೆಗಳಿಗೆ ಒಂದೇ ದಿನ ಸರಿಹೊಂದುವುದಿಲ್ಲ. ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಡಯಾಲ್ ಮೂರನ್ನು ಮುಟ್ಟಿನ 2ರಿಂದ 5ನೇ ದಿನದೊಳಗೆ, ಸಾಮಾನ್ಯವಾಗಿ 2 ಅಥವಾ 3ನೇ ದಿನ, ನೋಡುವುದು ರೂಢಿ. ವರದಿಯಲ್ಲಿ ಅಂಕಿಯ ಪಕ್ಕ ಮುದ್ರಿಸುವ ಮಿತಿಗಳು ಹೋಲಿಕೆಗೆ ಬರುವುದೂ ಆಯಾ ಹಂತದಲ್ಲಿ ಮಾತ್ರ. ಪ್ರೊಜೆಸ್ಟೆರಾನ್ ಅನ್ನು ನೋಡಬೇಕಾದದ್ದು ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು. ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಎಎಂಎಚ್ ಮೂರಕ್ಕೆ ಚಕ್ರದ ದಿನ ಅಷ್ಟು ಮುಖ್ಯವಲ್ಲ. ಅಂದರೆ ಸರಿಯಾಗಿ ಮಾಡಬೇಕೆಂದರೆ ಎರಡು ಸಲ ರಕ್ತ ಕೊಡಲೇಬೇಕು. ಒಂದೇ ಸಲ ತೆಗೆಯುವುದರಿಂದ ಬಿಲ್ಲು ಬರೆಯುವವರಿಗೆ ಅನುಕೂಲ, ಪರೀಕ್ಷೆಗಲ್ಲ.

ದಿನ ಎಣಿಸುವುದರಲ್ಲೂ ನಮ್ಮಲ್ಲಿ ಒಂದು ತೊಡಕಿದೆ. ಸರಿಯಾದ ರಕ್ತಸ್ರಾವ ಆರಂಭವಾದ ದಿನವೇ 1ನೇ ದಿನ. ಅದಕ್ಕೆ ಮೊದಲು ಸ್ವಲ್ಪ ಕಲೆ ಕಾಣಿಸಿಕೊಂಡ ದಿನವನ್ನು ಸೇರಿಸುವಂತಿಲ್ಲ. ಆದರೆ ತಲೆಗೆ ಎರೆದುಕೊಂಡ ದಿನದಿಂದ ಎಣಿಸಿ ಬರುತ್ತಿದ್ದ ಹೆಣ್ಣುಮಕ್ಕಳನ್ನು ನಾನು ಕೌಂಟರಿನಲ್ಲಿ ಬಹಳ ಕಂಡಿದ್ದೇನೆ. ಅವರ 3ನೇ ದಿನವೆಂದರೆ ನಮ್ಮ ಲೆಕ್ಕದಲ್ಲಿ 6 ಅಥವಾ 7. ನೀವು ಹೇಗೆ ಎಣಿಸಿದಿರಿ?

ಎರಡನೆಯದು ಪ್ರೊಲ್ಯಾಕ್ಟಿನ್. ಇದು ನಿದ್ದೆಯಲ್ಲಿ ಏರುವ ಹಾರ್ಮೋನು. ಎದ್ದ ತಕ್ಷಣ ಓಡಿಬಂದು ಕೊಟ್ಟ ರಕ್ತದಲ್ಲಿ ಹೆಚ್ಚು ಕಾಣಿಸಬಹುದು. ಆತಂಕದಿಂದಲೂ ಏರುತ್ತದೆ, ಸೂಜಿಯ ಭಯವೂ ಅದರಲ್ಲಿ ಸೇರಿದೆ. ಎದ್ದು ಎರಡು ಮೂರು ಗಂಟೆ ಕಳೆದ ಮೇಲೆ ಬಂದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಕೊಡುವುದು ಒಳ್ಳೆಯದು. ಇವೆಲ್ಲಕ್ಕಿಂತ ಮುಖ್ಯವಾಗಿ, ನಮ್ಮ ದೇಶದಲ್ಲಿ ಗ್ಯಾಸ್ಟ್ರಿಕ್ ಎಂದು ಹೇಳಿ ಜನ ದಿನವೂ ನುಂಗುವ ಕ್ಯಾಪ್ಸೂಲುಗಳಲ್ಲಿ ಹಲವಕ್ಕೆ ಆಮ್ಲ ಕಡಿಮೆ ಮಾಡುವ ಔಷಧಿಯ ಜೊತೆ ವಾಂತಿ ತಡೆಯುವ ಡೊಂಪೆರಿಡೋನ್ ಬೆರೆತಿರುತ್ತದೆ. ಅದು ಪ್ರೊಲ್ಯಾಕ್ಟಿನ್ ಅನ್ನು ನೇರವಾಗಿ ಏರಿಸುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳೂ ಹಾಗೆಯೇ. ಆದರೆ ಅವುಗಳನ್ನು ವೈದ್ಯರನ್ನು ಕೇಳದೆ ಯಾವ ಕಾರಣಕ್ಕೂ ನಿಲ್ಲಿಸಬಾರದು.

ಮೂರನೆಯದು ಬಯೋಟಿನ್, ಕೂದಲಿಗೆ ಉಗುರಿಗೆ ಎಂದು ಮಾರುವ ಮಾತ್ರೆ. ಅನೇಕ ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಜೋಡಿಯನ್ನೇ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಯಂತ್ರ ಮೋಸಹೋಗಿ, ಟಿಎಸ್‌ಎಚ್ ಎಫ್‌ಎಸ್‌ಎಚ್‌ನಂಥವನ್ನು ಇರುವುದಕ್ಕಿಂತ ಕಡಿಮೆಯಾಗಿಯೂ ಎಸ್ಟ್ರಡಯಾಲ್ ಪ್ರೊಜೆಸ್ಟೆರಾನ್‌ನಂಥವನ್ನು ಹೆಚ್ಚಾಗಿಯೂ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು. ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಅದನ್ನು ನಿಲ್ಲಿಸುವುದು ಒಳ್ಳೆಯದು.

ಇನ್ನೊಂದು ಮಾತು. ನಮ್ಮ ವಿಭಾಗದ ಹಿರಿಯರು ಇದೇ ಹಾರ್ಮೋನುಗಳನ್ನು ವಿಕಿರಣ ಬಳಸಿ ಅಳೆಯುತ್ತಿದ್ದರು. ಅಮೆರಿಕದ ವಿಜ್ಞಾನಿ ರೊಸಲಿನ್ ಯಾಲೊ ಅವರಿಗೆ 1977ರಲ್ಲಿ ನೊಬೆಲ್ ತಂದುಕೊಟ್ಟ ವಿಧಾನ ಅದು. ಒಂದು ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕಾಗುತ್ತಿದ್ದುದರಿಂದ ಯಾವ ದಿನದ ರಕ್ತ, ಯಾವುದಕ್ಕಾಗಿ ಎಂದು ವೈದ್ಯರು ಚೀಟಿಯ ಮೇಲೆ ಬರೆದೇ ಕಳಿಸುತ್ತಿದ್ದರಂತೆ. ಈಗ ಸಂಜೆಯೊಳಗೆ ಮೊಬೈಲಿಗೆ ವರದಿ ಬರುತ್ತದೆ. ಆ ಎರಡು ಸಾಲು ಮಾತ್ರ ಚೀಟಿಯಿಂದ ಮಾಯವಾಗಿವೆ.

ಕರಾವಳಿಯವಳು

ತುಂಗಾತೀರ ಅವರೇ, ಎಎಂಎಚ್ ಬಗ್ಗೆ ಯಾರೂ ಇನ್ನೂ ಮಾತನಾಡದೆ ಇರುವುದರಿಂದ ನನ್ನ ಅನುಭವ ಬರೆಯುತ್ತಿದ್ದೇನೆ. ನನ್ನದು 0.8 ಎಂದು ಬಂದಾಗ ನನಗೆ 35 ವರ್ಷ. ಆ ಒಂದು ಸಂಖ್ಯೆ ಮನೆಯವರೆಲ್ಲರ ಬಾಯಿಗೆ ಬಿತ್ತು. ಎರಡು ವರ್ಷದಲ್ಲಿ ಐದು ಸಲ ಅದೇ ಪರೀಕ್ಷೆ ಮಾಡಿಸಿದೆ. ಒಮ್ಮೆ ಬೇರೆ ಲ್ಯಾಬಿನಲ್ಲಿ 5.7 ಎಂದು ಬಂತು. ಆಗ ತೆಗೆದುಕೊಳ್ಳುತ್ತಿದ್ದ ಚೂರ್ಣದ ಮಹಿಮೆಯೆಂದು ನಮ್ಮ ಮನೆಯಲ್ಲಿ ಪಾಯಸವನ್ನೇ ಮಾಡಿದರು. ಆಮೇಲೆ ನೋಡಿದರೆ ಆ ಲ್ಯಾಬಿನವರು ಪಿಕೊಮೋಲ್ ಲೆಕ್ಕದಲ್ಲಿ ಬರೆದಿದ್ದರು, 7.14ರಿಂದ ಭಾಗಿಸಿದರೆ ಮತ್ತೆ ಅದೇ 0.8. ಆದ್ದರಿಂದ ಅಂಕಿಯನ್ನು ನೋಡುವ ಮೊದಲು ಅದರ ಮುಂದಿನ ಮಾಪನವನ್ನು ನೋಡಿ.

ನನ್ನ ಗಂಡನ ವೀರ್ಯ ಪರೀಕ್ಷೆಯಾದದ್ದು ಇದೆಲ್ಲ ಮುಗಿದ ಮೇಲೆ, ಊರು ಬದಲಾಯಿಸಿ ಹೊಸ ವೈದ್ಯರ ಬಳಿ ಹೋದಾಗ. ಅವರು ನನ್ನ ದಪ್ಪ ಫೈಲನ್ನು ತೆರೆಯದೆ ಬದಿಗಿಟ್ಟು ಮೊದಲು ಕೇಳಿದ್ದೇ ಅದನ್ನು. ವೀರ್ಯಾಣುಗಳ ಸಂಖ್ಯೆ ತೀರಾ ಕಡಿಮೆ ಇತ್ತು. ಕೆಲವು ನೂರು ರೂಪಾಯಿಯ, ಸೂಜಿಯೂ ಬೇಡದ ಪರೀಕ್ಷೆ ಅದು. ನಿಮ್ಮ ಪ್ರಶ್ನೆಯಲ್ಲಿ ನಿಮ್ಮ ಯಜಮಾನರ ಪರೀಕ್ಷೆಯ ಮಾತೇ ಇಲ್ಲವೆಂಬುದನ್ನು ಗಮನಿಸಿದೆ. ಕೇಳಬೇಕೆನಿಸಿತು, ತಪ್ಪು ತಿಳಿಯಬೇಡಿ.

ತುಂಗಾತೀರ

ಇಬ್ಬರಿಗೂ ಧನ್ಯವಾದಗಳು. ನಾನು ಎಣಿಸಿದ್ದು ರಕ್ತಸ್ರಾವ ಆರಂಭವಾದ ದಿನದಿಂದಲೇ. ಬಯೋಟಿನ್ ತೆಗೆದುಕೊಂಡಿಲ್ಲ. ಆದರೆ ಹೊಟ್ಟೆಯುರಿಗೆಂದು ಹತ್ತು ಹನ್ನೆರಡು ದಿನಗಳಿಂದ ಬೆಳಗ್ಗೆ ಒಂದು ಕ್ಯಾಪ್ಸೂಲ್ ನುಂಗುತ್ತಿದ್ದೆ; ಈಗ ಪಟ್ಟಿಯ ಹಿಂಬದಿ ಓದಿದರೆ ಡೊಂಪೆರಿಡೋನ್ ಎಂದು ಬರೆದಿದೆ. ಎಎಂಎಚ್ ನ್ಯಾನೊಗ್ರಾಂ ಲೆಕ್ಕದಲ್ಲಿಯೇ ಇದೆ. ಯಜಮಾನರ ಪರೀಕ್ಷೆ ಇನ್ನೂ ಆಗಿಲ್ಲ. ನಿಜ ಹೇಳಬೇಕೆಂದರೆ, ಅದು ಮೊದಲು ಆಗಬೇಕಾದದ್ದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಸ್ತ್ರೀರೋಗ ವೈದ್ಯೆ, ಹುಬ್ಬಳ್ಳಿ

ನಿಮ್ಮನ್ನು ಪರೀಕ್ಷಿಸದೆ ಚಿಕಿತ್ಸೆ ಹೇಳುವುದು ಸರಿಯಲ್ಲ. ನಿಮ್ಮ ವೈದ್ಯರೊಂದಿಗೆ ಮಾತನಾಡಲು ಸಹಾಯವಾಗಲೆಂದು ಇಷ್ಟನ್ನು ಬರೆಯುತ್ತಿದ್ದೇನೆ.

21ನೇ ದಿನ ಎಂಬ ಮಾತು ಹುಟ್ಟಿದ್ದು 28 ದಿನದ ಚಕ್ರವನ್ನು ಮನಸ್ಸಿನಲ್ಲಿಟ್ಟುಕೊಂಡು. ಅಂಡಾಣು ಬಿಡುಗಡೆಯಾದ ನಂತರ ಮುಟ್ಟು ಬರುವವರೆಗಿನ ಅವಧಿ ಹೆಚ್ಚಿನವರಲ್ಲಿ 14 ದಿನದ ಆಸುಪಾಸಿನಲ್ಲಿರುತ್ತದೆ. ಚಕ್ರ ಉದ್ದವಾಗುವುದು ಸಾಮಾನ್ಯವಾಗಿ ಅದಕ್ಕೆ ಮೊದಲಿನ ಅವಧಿ ಹಿಗ್ಗುವುದರಿಂದ. 28 ದಿನದವರಿಗೆ 14ನೇ ದಿನ ಬಿಡುಗಡೆಯಾಗಿ 21ನೇ ದಿನ ಪ್ರೊಜೆಸ್ಟೆರಾನ್ ತುದಿ ಮುಟ್ಟುತ್ತದೆ. ನಿಮ್ಮದು 35 ದಿನದ ಚಕ್ರ. 35ರಲ್ಲಿ 14 ಕಳೆಯಿರಿ: ಅಂಡಾಣು ಬಿಡುಗಡೆಯಾಗಬೇಕಾದದ್ದೇ 21ನೇ ದಿನದ ಹೊತ್ತಿಗೆ. ಪ್ರೊಜೆಸ್ಟೆರಾನ್ ತಯಾರಾಗುವುದು ಅಂಡಾಣು ಹೊರಬಿದ್ದ ಮೇಲೆ ಉಳಿಯುವ ಕೋಶಿಕೆಯಲ್ಲಿ, ಅಂದರೆ ಅಂಡಾಣು ಬೆಳೆಯುವ ಪುಟ್ಟ ಚೀಲದಲ್ಲಿ. ಕೋಶಿಕೆ ಒಡೆಯುವ ಮೊದಲೇ ಹೋಗಿ ಪ್ರೊಜೆಸ್ಟೆರಾನ್ ಎಲ್ಲಿ ಎಂದು ಕೇಳಿದರೆ, ಬಿತ್ತನೆಯ ದಿನ ಹೊಲಕ್ಕೆ ಹೋಗಿ ತೆನೆ ಎಲ್ಲಿ ಎಂದು ಕೇಳಿದಂತಾಗುತ್ತದೆ. ನಿಮಗೆ ಆ ಪರೀಕ್ಷೆ ಆಗಬೇಕಾದದ್ದು 28ನೇ ದಿನದ ಸುಮಾರಿಗೆ. ಆಗ 3 ನ್ಯಾನೊಗ್ರಾಂ ಮೀರಿದ್ದರೆ ಅಂಡಾಣು ಬಿಡುಗಡೆಯಾಗಿದೆಯೆಂದು ತಿಳಿಯುತ್ತೇವೆ. ಈ ಹಾರ್ಮೋನು ಅಲೆಅಲೆಯಾಗಿ ಸ್ರವಿಸುವುದರಿಂದ ಒಂದೇ ದಿನದಲ್ಲಿ ಹಲವು ಪಟ್ಟು ಏರಿಳಿಯುತ್ತದೆ. ಆದ್ದರಿಂದ 12 ಬಂದವರಿಗಿಂತ 18 ಬಂದವರ ಸ್ಥಿತಿ ಉತ್ತಮ ಎಂದು ಹೋಲಿಸುವುದರಲ್ಲಿ ಹುರುಳಿಲ್ಲ. ಇನ್ನೊಂದು ವಿಷಯ: ಯಾರಾದರೂ ನಿಮಗೆ ನೈಸರ್ಗಿಕ ಪ್ರೊಜೆಸ್ಟೆರಾನ್ ಮಾತ್ರೆ ಕೊಟ್ಟಿದ್ದರೆ ರಕ್ತದಲ್ಲಿ ಕಾಣುವುದರಲ್ಲಿ ಆ ಮಾತ್ರೆಯದೂ ಸೇರಿರುತ್ತದೆ, ಆಗ ಪರೀಕ್ಷೆಗೆ ಅರ್ಥವಿರುವುದಿಲ್ಲ.

ಈಗ ನಿಮ್ಮ ಸಂಬಂಧಿ ಪಿಸಿಓಡಿ ಎಂದ ವಿಷಯ. ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಅನುಪಾತವನ್ನು ನೋಡುವ ಹಳೆಯ ಅಭ್ಯಾಸ ಇನ್ನೂ ಉಳಿದಿದೆಯಾದರೂ, ಈ ತೊಂದರೆಯನ್ನು ಗುರುತಿಸುವ 2003ರ ರಾಟರ್‌ಡ್ಯಾಮ್ ಮಾನದಂಡದಲ್ಲಿ ಅದು ಇಲ್ಲ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿಯೂ ಇಲ್ಲ. ಮುಟ್ಟಿನ ಏರುಪೇರು, ಪುರುಷ ಹಾರ್ಮೋನು ಹೆಚ್ಚಿರುವ ಲಕ್ಷಣ ಅಥವಾ ಪರೀಕ್ಷೆ, ಮತ್ತು ಸ್ಕ್ಯಾನಿನಲ್ಲಿ ಕಾಣುವ ಅಂಡಾಶಯದ ರೂಪ (ವಯಸ್ಕರಲ್ಲಿ ಈಗ ಅದರ ಬದಲು ಹೆಚ್ಚಿದ ಎಎಂಎಚ್ ಅನ್ನೂ ಒಪ್ಪುತ್ತಾರೆ) ಈ ಮೂರರಲ್ಲಿ ಎರಡು ಇರಬೇಕು, ಅವುಗಳನ್ನು ಹೋಲುವ ಬೇರೆ ಕಾರಣಗಳು ಇರಬಾರದು. ನಿಮ್ಮ ಚಕ್ರದ ಉದ್ದ 35 ದಿನದ ಗಡಿಯ ಮೇಲೆಯೇ ನಿಂತಿರುವುದರಿಂದ ಪಿಸಿಓಎಸ್ (ಪಿಸಿಓಡಿಯ ಇನ್ನೊಂದು ಹೆಸರು) ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಕಾಗದದಲ್ಲಿ ಅದಕ್ಕೆ ಆಧಾರವಿಲ್ಲ. ಪಿಸಿಓಎಸ್ ಇರುವವರಲ್ಲಿ ಎಎಂಎಚ್ ಸಾಮಾನ್ಯವಾಗಿ ಹೆಚ್ಚಿರುತ್ತದೆ, ನಿಮ್ಮದು ಹಾಗಿಲ್ಲ. ಮುಖದಲ್ಲಿ ಕೂದಲು, ಮಾಸದ ಮೊಡವೆ ಇದ್ದರೆ ಟೆಸ್ಟೊಸ್ಟೆರಾನ್ ನೋಡಬೇಕಾಗಬಹುದು. ಅದನ್ನು ನಿಮ್ಮ ವೈದ್ಯರು ನಿಮ್ಮನ್ನು ನೋಡಿ ನಿರ್ಧರಿಸುತ್ತಾರೆ.

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಎಲ್‌ಎಚ್ 21, ಎಸ್ಟ್ರಡಯಾಲ್ 236, ಪ್ರೊಜೆಸ್ಟೆರಾನ್ 0.9: ಈ ಮೂರನ್ನು ಬಿಡಿಬಿಡಿಯಾಗಿ ಓದದೆ ಒಟ್ಟಿಗೆ ಓದಿ. ಅಂಡಾಶಯದಲ್ಲಿ ಒಂದು ಕೋಶಿಕೆ ಬೆಳೆದು ಪಕ್ವವಾದಾಗ ಎಸ್ಟ್ರಡಯಾಲ್ 200 ದಾಟುತ್ತದೆ. ಅದು ಕೆಲವು ಕಾಲ ಹಾಗೆಯೇ ನಿಂತರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನು ಒಮ್ಮೆಲೇ ಸುರಿಸುತ್ತದೆ. ಆ ಏರಿಕೆ ಆರಂಭವಾದ ಒಂದೂವರೆ ದಿನದೊಳಗೆ ಅಂಡಾಣು ಹೊರಬೀಳುತ್ತದೆ. ಮುಟ್ಟಿನ 3ನೇ ದಿನ ಇವೇ ಅಂಕಿಗಳು ಬಂದಿದ್ದರೆ ನಾನು ಚಿಂತಿಸುತ್ತಿದ್ದೆ. ಆದರೆ 35 ದಿನದ ಚಕ್ರದ 21ನೇ ದಿನ ಇವು ಬಂದಿರುವುದರಿಂದ, ಅಂಡಾಣು ಹೊರಡುವ ಮುನ್ನಾದಿನವೇ ನೀವು ರಕ್ತ ಕೊಟ್ಟಿರುವ ಸಂಭವವಿದೆ. ಇದೇ ಕಾರಣಕ್ಕೆ ಎಫ್‌ಎಸ್‌ಎಚ್ 9.2 ಎಂಬುದನ್ನೂ ಅಂಡಾಶಯದ ದಾಸ್ತಾನಿನ ಲೆಕ್ಕಕ್ಕೆ ಹಿಡಿಯಲಾಗದು, ಏಕೆಂದರೆ ಎಲ್‌ಎಚ್ ಜೊತೆಗೆ ಅದೂ ಆ ದಿನ ಸ್ವಲ್ಪ ಏರುತ್ತದೆ. ಒಂದು ಪ್ರಶ್ನೆಗೆ ಉತ್ತರಿಸಿ: ರಕ್ತ ಕೊಟ್ಟ ಎಷ್ಟು ದಿನಕ್ಕೆ ಮುಂದಿನ ಮುಟ್ಟು ಬಂತು?

ಪ್ರೊಲ್ಯಾಕ್ಟಿನ್ ಬಗ್ಗೆ ಮೈಸೂರಿನವರು ಹೇಳಿದ್ದು ಸರಿ. ಸಾಮಾನ್ಯ ಮಿತಿ 25ರ ಸುಮಾರಿನಲ್ಲಿರುವಾಗ, ಡೊಂಪೆರಿಡೋನ್ ನುಂಗುತ್ತಿದ್ದವರಲ್ಲಿ 41 ಎಂಬುದು ಅಚ್ಚರಿಯಲ್ಲ. ವೈದ್ಯರ ಒಪ್ಪಿಗೆಯಿಂದ ಆ ಕ್ಯಾಪ್ಸೂಲನ್ನು ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡುವುದು ಮೊದಲ ಹೆಜ್ಜೆ. ಆಗಲೂ ಹೆಚ್ಚಿದ್ದರೆ, ದೇಹಕ್ಕೆ ತೊಂದರೆ ಮಾಡದೆ ಯಂತ್ರದಲ್ಲಿ ಮಾತ್ರ ಹೆಚ್ಚು ಕಾಣುವ ಮ್ಯಾಕ್ರೊಪ್ರೊಲ್ಯಾಕ್ಟಿನ್ ಇದೆಯೇ ಎಂದು ಲ್ಯಾಬಿನಲ್ಲಿಯೇ ಪರಿಶೀಲಿಸಬಹುದು. ತಲೆಯ ಸ್ಕ್ಯಾನಿನ ಮಾತು, ಇಳಿಸುವ ಮಾತ್ರೆಯ ಮಾತು ಅದೆಲ್ಲ ಆದ ನಂತರ. ಅಂಗಡಿಯವರ ಮಾತ್ರೆಯನ್ನು ಬೇಡವೆಂದದ್ದು ಒಳ್ಳೆಯದಾಯಿತು. ವಾಸ್ತವದಲ್ಲಿ, ಮುಟ್ಟು ಕ್ರಮವಾಗಿದ್ದು ಎದೆಯಿಂದ ಹಾಲಿನಂಥ ಸ್ರಾವವಿಲ್ಲದವರಿಗೆ ಈ ಪರೀಕ್ಷೆಯ ಅಗತ್ಯವೇ ಕಡಿಮೆ. ಟಿಎಸ್‌ಎಚ್ 3.1 ಲ್ಯಾಬಿನ ಮಿತಿಯೊಳಗೇ ಇದೆ. ಗರ್ಭಧಾರಣೆಗೆ ಪ್ರಯತ್ನಿಸುವವರಲ್ಲಿ 2.5ರ ಕೆಳಗಿರಬೇಕೇ ಎಂಬ ಚರ್ಚೆ ಹಳೆಯದು, ಈ ಅಂಕಿಗೆ ಹೆದರಬೇಕಾಗಿಲ್ಲ.

ಎಎಂಎಚ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನನ್ನ ಕೊಠಡಿಯಲ್ಲಿ ಅತಿ ಹೆಚ್ಚು ಕಣ್ಣೀರು ಹಾಕಿಸುವ ಅಂಕಿ ಇದೇ. ಇದನ್ನು ಸ್ರವಿಸುವುದು ಅಂಡಾಶಯದ ಸಣ್ಣ ಕೋಶಿಕೆಗಳು. ಆದ್ದರಿಂದ ಎಷ್ಟು ಕೋಶಿಕೆಗಳು ಉಳಿದಿವೆ ಎಂಬುದರ ಅಂದಾಜು ಸಿಗುತ್ತದೆ. ಅಂಡಾಣುವಿನ ಗುಣಮಟ್ಟದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಐವಿಎಫ್‌ನಲ್ಲಿ ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದೆಂದು ತಿಳಿಯಲು, ಔಷಧಿಯ ಪ್ರಮಾಣ ನಿರ್ಧರಿಸಲು ಅದು ನಿಜಕ್ಕೂ ಉಪಯುಕ್ತ. ಸಹಜವಾಗಿ ಗರ್ಭ ನಿಲ್ಲುವುದೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಬಂಜೆತನದ ಹಿನ್ನೆಲೆಯಿಲ್ಲದ 30ರಿಂದ 44 ವಯಸ್ಸಿನ 750 ಮಹಿಳೆಯರನ್ನು ಗಮನಿಸಿದಾಗ, ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರೂ ಉಳಿದವರಷ್ಟೇ ಪ್ರಮಾಣದಲ್ಲಿ ಗರ್ಭಿಣಿಯರಾದರು. ಆ ಮಹಿಳೆಯರು ನಿಮ್ಮಂತೆ ವರ್ಷ ಮೀರಿ ಕಾದವರಲ್ಲ ಎಂಬ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಆದರೂ 1.4 ಎಂಬುದು ಬಾಗಿಲು ಮುಚ್ಚುವ ಅಂಕಿಯಲ್ಲ. ಕರಾವಳಿಯವರಂತೆ ಅದನ್ನು ಪದೇಪದೇ ಮಾಡಿಸುವ ಅಗತ್ಯವೂ ಇಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಅದು ತಾತ್ಕಾಲಿಕವಾಗಿ ಇಳಿಯುವುದೂ ಉಂಟು.

ಹಾರ್ಮೋನು ಪರೀಕ್ಷೆ ನಿಜವಾಗಿ ದಾರಿ ತೋರಿಸುವುದು ಮುಟ್ಟು ನಿಂತವರಲ್ಲಿ. ಅಲ್ಲಿ ಎಫ್‌ಎಸ್‌ಎಚ್ 25 ಮೀರಿದ್ದರೆ ದೋಷ ಅಂಡಾಶಯದಲ್ಲಿದೆ. ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಡಯಾಲ್ ಮೂರೂ ತಗ್ಗಿದ್ದರೆ ಮೇಲಿನಿಂದ, ಮಿದುಳಿನ ಕಡೆಯಿಂದ ಆಜ್ಞೆಯೇ ಬರುತ್ತಿಲ್ಲ. ಚಿಕಿತ್ಸೆಯ ದಾರಿಯೇ ಅಲ್ಲಿಂದ ಕವಲೊಡೆಯುತ್ತದೆ. ನಿಮ್ಮಂತೆ ತಿಂಗಳು ತಪ್ಪದೆ ಮುಟ್ಟಾಗುವವರಲ್ಲಿ ಮೊದಲು ನೋಡಬೇಕಾದವು ಬೇರೆ: 2ರಿಂದ 7 ದಿನ ಸಂಪರ್ಕವಿಲ್ಲದೆ ಇದ್ದು ಕೊಡುವ ವೀರ್ಯ ಪರೀಕ್ಷೆ, ಮತ್ತು ಗರ್ಭನಾಳಗಳು ತೆರೆದಿವೆಯೇ ಎಂಬುದು. ನಮ್ಮ ದೇಶದಲ್ಲಿ ಕ್ಷಯ ರೋಗ ಸದ್ದಿಲ್ಲದೆ ಗರ್ಭನಾಳಗಳನ್ನು ಮುಚ್ಚಿಬಿಡುವುದುಂಟು. ಅಂಥವರ ಹಾರ್ಮೋನು ವರದಿಗಳೆಲ್ಲ ಅಚ್ಚುಕಟ್ಟಾಗಿರುತ್ತವೆ, ಗರ್ಭ ಮಾತ್ರ ನಿಲ್ಲುವುದಿಲ್ಲ.

ತುಂಗಾತೀರ

ಡಾಕ್ಟರೇ, ನೀವು ಕೇಳಿದ್ದಕ್ಕೆ ಕ್ಯಾಲೆಂಡರ್ ತೆಗೆದು ನೋಡಿದೆ. ರಕ್ತ ಕೊಟ್ಟ ದಿನದಿಂದ ಸರಿಯಾಗಿ 15ನೇ ದಿನಕ್ಕೆ ಮುಟ್ಟು ಬಂದಿದೆ. ಒಟ್ಟು 35 ದಿನದ ಚಕ್ರವಾಯಿತು.

ಸ್ತ್ರೀರೋಗ ವೈದ್ಯೆ, ಹುಬ್ಬಳ್ಳಿ

ಹಾಗಾದರೆ ಲೆಕ್ಕ ಸರಿಹೊಂದುತ್ತದೆ: 22ನೇ ದಿನದ ಸುಮಾರಿಗೆ ಅಂಡಾಣು ಬಿಡುಗಡೆಯಾಗಿರಬೇಕು. ಇದನ್ನು ಊಹೆಯೆಂದೇ ಇಟ್ಟುಕೊಳ್ಳಿ. ಈ ಚಕ್ರದ 28ನೇ ದಿನ ಪ್ರೊಜೆಸ್ಟೆರಾನ್ ಒಂದನ್ನೇ ಮಾಡಿಸಿದರೆ ದೃಢವಾಗುತ್ತದೆ, ಪ್ಯಾಕೇಜ್ ಬೇಡ. ವೈದ್ಯರ ಬಳಿ ಹೋಗುವಾಗ ಕಳೆದ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು ಬರೆದುಕೊಂಡು ಹೋಗಿ. ಹಳೆಯ ವರದಿಯ ಮೇಲೆ, ಅದು ಯಾವ ದಿನದ ರಕ್ತ ಮತ್ತು ಆಗ ಯಾವ ಕ್ಯಾಪ್ಸೂಲ್ ನುಂಗುತ್ತಿದ್ದಿರಿ ಎಂಬುದನ್ನು ಪೆನ್ನಿನಲ್ಲಿ ಬರೆದಿಡಿ. ಇನ್ನೊಂದು ಮಾತು. ಹದಿನಾಲ್ಕು ತಿಂಗಳಿಂದ ನೀವಿಬ್ಬರೂ 14ನೇ ದಿನದ ಆಸುಪಾಸನ್ನೇ ಲೆಕ್ಕ ಹಾಕಿ ಪ್ರಯತ್ನಿಸುತ್ತಿದ್ದರೆ, ಅದನ್ನೂ ವೈದ್ಯರಿಗೆ ಹೇಳಿ.

ತುಂಗಾತೀರ

ಹೌದು ಡಾಕ್ಟರೇ, ಮೊಬೈಲ್ ಆ್ಯಪ್ ಒಂದನ್ನು ನೋಡಿ 12ರಿಂದ 16ನೇ ದಿನ ಎಂದೇ ಲೆಕ್ಕ ಹಾಕುತ್ತಿದ್ದೆವು. ಯಜಮಾನರು ಸೋಮವಾರ ಲ್ಯಾಬಿಗೆ ಹೋಗಲು ಒಪ್ಪಿದ್ದಾರೆ.